ಕಾಲು ಊದಿದೆ, ಯಾಕೆ? ಪ್ರಶ್ನೆ ಹಾಕಿಕೊಂಡು ದೇಹವನ್ನು ತಿಳಿಯುವುದು

ಮೊದಲು ಒಂದು ಪ್ರಶ್ನೆ. ಉತ್ತರವನ್ನು ಮನಸ್ಸಿನಲ್ಲೇ ಹೇಳಿಕೊಂಡು ಆಮೇಲೆ ಮುಂದೆ ಓದಿ.

ಎಪ್ಪತ್ತು ವರ್ಷದ ಒಬ್ಬರಿಗೆ ಸಂಜೆಯ ಹೊತ್ತಿಗೆ ಎರಡೂ ಪಾದಗಳು ಊದಿಕೊಳ್ಳುತ್ತವೆ. ರಾತ್ರಿ ಮಲಗಿ ಎದ್ದರೆ ಸ್ವಲ್ಪ ಇಳಿದಿರುತ್ತದೆ. ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಊತದ ಮೂಲ ಎಲ್ಲಿರಬಹುದು? (ಅ) ಹೃದಯ (ಆ) ಮೂತ್ರಪಿಂಡ (ಇ) ಯಕೃತ್ತು (ಈ) ಕಾಲಿನ ರಕ್ತನಾಳ (ಉ) ನುಂಗುತ್ತಿರುವ ಮಾತ್ರೆಯೇ.

ಪರೀಕ್ಷೆಯ ಹಾಳೆಯಾಗಿದ್ದರೆ ಒಂದಕ್ಕೆ ಗುರುತು ಹಾಕಿ ಮುಂದಕ್ಕೆ ಹೋಗಬಹುದಿತ್ತು. ಮನೆಯಲ್ಲಿ ಹಾಗಾಗುವುದಿಲ್ಲ, ಏಕೆಂದರೆ ಇಲ್ಲಿ ಐದೂ ಸರಿಯಿರಬಹುದು. ಯಾವುದು ಎಂದು ತೀರ್ಮಾನಿಸುವವರು ವೈದ್ಯರು. ಆದರೆ ಅವರಿಗೆ ಬೇಕಾದ ಸುಳಿವುಗಳು ಇರುವುದು ನಿಮ್ಮ ಹತ್ತಿರ. ಊತ ಒಂದು ಕಾಲಿಗೋ ಎರಡಕ್ಕೋ, ಯಾವಾಗ ಶುರುವಾಯಿತು, ಅದರ ಹಿಂದಿನ ತಿಂಗಳು ಯಾವ ಮಾತ್ರೆ ಹೊಸದಾಗಿ ಸೇರಿತು, ದಿಂಬು ಎತ್ತರಿಸದೆ ಮಲಗಲು ಆಗುತ್ತದೆಯೇ. ಇವು ಸುಳಿವುಗಳು ಎಂದು ನಿಮಗೆ ಹೊಳೆಯಬೇಕಾದರೆ ದೇಹ ಹೇಗೆ ಕೆಲಸ ಮಾಡುತ್ತದೆ ಎಂಬುದು ಸ್ವಲ್ಪವಾದರೂ ತಿಳಿದಿರಬೇಕು. ಅದನ್ನು ತಿಳಿಯಲು ದಪ್ಪ ಪುಸ್ತಕ ಬೇಕಿಲ್ಲ. ನಿಮಗೆ ನೀವೇ ಪ್ರಶ್ನೆ ಹಾಕಿಕೊಳ್ಳುವ ಅಭ್ಯಾಸ ಸಾಕು. ಈ ಲೇಖನ ಅದರ ಬಗ್ಗೆ.

ಓದಿದ್ದು ಯಾಕೆ ನಿಲ್ಲುವುದಿಲ್ಲ

ನಾನು ಫಾರ್ಮಸಿ ಪದವಿ ಓದಿದವಳು. ಮೊದಲ ವರ್ಷದ ಎರಡೂ ಸೆಮಿಸ್ಟರುಗಳಲ್ಲಿ ಮಾನವ ಅಂಗರಚನೆ ಮತ್ತು ಶರೀರಕ್ರಿಯೆ ಎಂಬ ವಿಷಯ ಇರುತ್ತದೆ. ನಾವೆಲ್ಲ ಅದನ್ನು ದಾಟಿದ್ದು ಪ್ರಶ್ನೆಸಂಗ್ರಹಗಳ ಬಲದಿಂದ. ಹೃದಯಕ್ಕೆ ಎಷ್ಟು ಕೋಣೆ, ಮೂತ್ರಪಿಂಡದ ಘಟಕದ ಹೆಸರೇನು, ಇನ್ಸುಲಿನ್ ಎಲ್ಲಿ ತಯಾರಾಗುತ್ತದೆ. ಹೆಸರುಗಳು ಬಾಯಿಗೆ ಬಂದವು, ಅಂಕಗಳೂ ಬಂದವು. ಮುಂದೆ ಔಷಧ ಅಂಗಡಿಯ ಕೌಂಟರಿನಲ್ಲಿ ನಿಂತಾಗ ಒಬ್ಬ ಅಜ್ಜ, ‘ನೀರಿನ ಮಾತ್ರೆ ನುಂಗಿದರೆ ಉಸಿರಾಟ ಹೇಗಮ್ಮ ಸರಿಯಾಗುತ್ತೆ? ನೀರು ಹೋಗೋದು ಕೆಳಗೆ, ಉಸಿರು ಇರೋದು ಮೇಲೆ’ ಎಂದು ಕೇಳಿದರು. ಹೃದಯದ ನಾಲ್ಕು ಕೋಣೆಗಳ ಹೆಸರು ಗೊತ್ತಿದ್ದ ನನಗೆ ತಕ್ಷಣ ಹೇಳಲು ಬರಲಿಲ್ಲ. ನನ್ನ ಪ್ರಶ್ನೆಸಂಗ್ರಹ ‘ಯಾವುದು’ ಎಂದು ಕೇಳಿತ್ತು, ಅಜ್ಜ ‘ಹೇಗೆ’ ಎಂದು ಕೇಳಿದ್ದರು.

ಹಾಗೆಂದು ಪ್ರಶ್ನೆಗಳಿಂದ ಕಲಿಯುವುದೇ ತಪ್ಪು ಎಂದಲ್ಲ. 2006ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ವಿದ್ಯಾರ್ಥಿಗಳಿಗೆ ಸಣ್ಣ ಪಾಠಗಳನ್ನು ಓದಲು ಕೊಟ್ಟರು. ಕೆಲವು ಪಾಠಗಳನ್ನು ಎರಡು ಸಲ ಓದಿಸಿದರು. ಉಳಿದವನ್ನು ಒಂದು ಸಲ ಓದಿಸಿ, ಪುಸ್ತಕ ಮುಚ್ಚಿಸಿ, ನೆನಪಿರುವುದನ್ನೆಲ್ಲ ಬರೆಯಲು ಹೇಳಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದ್ದೇ ಹೆಚ್ಚು ನೆನಪಿತ್ತು, ಶೇ. 81ಕ್ಕೆ ಎದುರು ಶೇ. 75. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತು. ಎರಡು ಸಲ ಓದಿದ್ದರಲ್ಲಿ ಶೇ. 42 ಉಳಿದಿತ್ತು, ಮುಚ್ಚಿ ನೆನಪಿಸಿಕೊಂಡಿದ್ದರಲ್ಲಿ ಶೇ. 56. ಆಸ್ಪತ್ರೆಯಲ್ಲಿ ಕೊಟ್ಟ ಮಾಹಿತಿ ಪತ್ರವನ್ನು ಅಲ್ಲೇ ಕೂತು ಎರಡು ಸಲ ಓದಿ ‘ಗೊತ್ತಾಯಿತು’ ಎಂದು ಮಡಚಿಡುವವರಿಗೆ ಮನೆಗೆ ಬಂದ ವಾರದಲ್ಲಿ ಅದು ಮಸುಕಾಗುವುದೂ ಹೀಗೆಯೇ. ಓದುವಾಗ ಎಲ್ಲವೂ ಪರಿಚಿತವಾಗಿ ಕಾಣುತ್ತದೆ. ಪರಿಚಯ ಇದೆ ಎಂದರೆ ತಿಳಿದಿದೆ ಎಂದು ಅರ್ಥವಲ್ಲ.

ಆದ್ದರಿಂದ ಪತ್ರವನ್ನು ಒಮ್ಮೆ ಓದಿ, ಮಗುಚಿ ಇಟ್ಟು, ಬಾಯಿಬಿಟ್ಟು ಹೇಳಿ. ಮನೆಯವರು ಯಾರಾದರೂ ಕೇಳಿಸಿಕೊಳ್ಳಲಿ. ಮಾರನೆಯ ದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಮತ್ತೊಮ್ಮೆ. ಪ್ರತಿ ಸಲ ಐದು ನಿಮಿಷ ಸಾಕು. ತಡವರಿಸಿದ ಜಾಗಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕಿ. ಕಲಿಯಬೇಕಾದ್ದು ಅಲ್ಲಿದೆ.

ಒಂದು ಕಾಲು, ಹಲವು ಅಂಗಗಳು

ಈಗ ಮೊದಲಿನ ಪ್ರಶ್ನೆಗೆ ಬರೋಣ. ನಾನು ಇರುವುದು ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ. ಒಂದು ಕಾಲದಲ್ಲಿ ಊರಿನವರು ಈ ಬಡಾವಣೆಯನ್ನು ಗುರುತಿಸುತ್ತಿದ್ದದ್ದೇ ಸೊಳ್ಳೆಗೆ ಮತ್ತು ಆನೆಕಾಲಿಗೆ. ಹಾಗಾಗಿ ಇಲ್ಲಿನ ಹಳಬರ ಮುಂದೆ ಆ ಪ್ರಶ್ನೆ ಇಟ್ಟರೆ ನಾನು ಕೊಡದೇ ಇರುವ ಆರನೆಯ ಉತ್ತರ ಬರುತ್ತದೆ: ‘ಸೊಳ್ಳೆ ಕಡಿದದ್ದು.’ ಅವರ ಕಾಲಕ್ಕೆ ಅದು ಬುದ್ಧಿವಂತಿಕೆಯ ಉತ್ತರ. ಇಂದಿಗೂ ಪೂರ್ತಿ ತಪ್ಪಲ್ಲ. ಆದರೆ ಅದನ್ನೇ ಹಿಡಿದು ಕೂತರೆ ಉಳಿದ ಐದೂ ಕಣ್ಣಿಗೆ ಬೀಳುವುದಿಲ್ಲ.

ಪ್ರಶ್ನೆ: ಯಾರ ಪಾದವಾದರೂ ಊದುವುದು ಹೇಗೆ?

ರಕ್ತ ಅತಿ ಸಣ್ಣ ಲೋಮನಾಳಗಳಲ್ಲಿ ಹರಿಯುವಾಗ ಸ್ವಲ್ಪ ನೀರು ಅವುಗಳ ಗೋಡೆಯಿಂದ ಹೊರಗೆ ಒಸರುತ್ತಲೇ ಇರುತ್ತದೆ. ಎಲ್ಲರ ದೇಹದಲ್ಲೂ, ಎಲ್ಲ ಹೊತ್ತಿನಲ್ಲೂ ಇದು ನಡೆಯುತ್ತದೆ. ಒಳಗಿನ ಒತ್ತಡ ನೀರನ್ನು ಹೊರಗೆ ತಳ್ಳುತ್ತದೆ. ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನು ಅದನ್ನು ಒಳಗೆ ಹಿಡಿದಿಡುತ್ತದೆ. ಹೊರಗೆ ಉಳಿದದ್ದನ್ನು ದುಗ್ಧರಸನಾಳಗಳು ಮೋರಿಯಂತೆ ಎಳೆದುಕೊಂಡು ಮತ್ತೆ ರಕ್ತಕ್ಕೆ ಸೇರಿಸುತ್ತವೆ. ತಳ್ಳುವುದು ಮತ್ತು ಹಿಡಿಯುವುದರ ನಡುವಿನ ಈ ಲೆಕ್ಕವನ್ನು 1896ರಲ್ಲಿ ವಿವರಿಸಿದವರು ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್. ಊತ ಬಂದರೆ ಮೂರರಲ್ಲಿ ಒಂದು ಕೆಟ್ಟಿದೆ ಎಂದು ಹಿಡಿಯಬಹುದು: ತಳ್ಳುವ ಒತ್ತಡ ಹೆಚ್ಚಿದೆ, ಹಿಡಿದಿಡುವ ಆಲ್ಬುಮಿನ್ ಕಡಿಮೆಯಾಗಿದೆ, ಇಲ್ಲವೇ ಮೋರಿ ಕಟ್ಟಿಕೊಂಡಿದೆ. ಲೋಮನಾಳದ ಗೋಡೆಯೇ ಸಡಿಲವಾಗುವುದೂ ಉಂಟು, ಗಾಯ ಅಥವಾ ಸೋಂಕಾದ ಜಾಗ ಊದುವುದು ಹಾಗೆ.

ಇಲ್ಲಿಗೆ ನಿಲ್ಲಿಸಿ, ಪುಟ ಮುಚ್ಚಿ, ಆ ಮೂರನ್ನು ಹೇಳಿ ನೋಡಿ. ಬಂದರೆ ಮುಂದಿನದೆಲ್ಲ ಸುಲಭ.

ಪ್ರಶ್ನೆ: ಆನೆಕಾಲು ರೋಗದಲ್ಲಿ ಕೆಡುವುದು ಇವುಗಳಲ್ಲಿ ಯಾವುದು?

ಮೋರಿ. ಕ್ಯುಲೆಕ್ಸ್ ಸೊಳ್ಳೆ ಕಡಿದಾಗ ದೇಹ ಸೇರುವ ಫೈಲೇರಿಯಾ ಹುಳುಗಳು ದುಗ್ಧರಸನಾಳಗಳಲ್ಲಿ ನೆಲೆಸಿ, ವರ್ಷಗಟ್ಟಲೆ ಅವನ್ನು ಹಾಳುಮಾಡುತ್ತವೆ. ಊತ ಸಾಮಾನ್ಯವಾಗಿ ಒಂದೇ ಕಾಲಿನಲ್ಲಿ ಎದ್ದು ಕಾಣುತ್ತದೆ. ಎರಡರಲ್ಲೂ ಇದ್ದರೆ ಸಮನಾಗಿರುವುದು ಕಡಿಮೆ. ಇದಕ್ಕೆ ಜೋಡಿಯಾಗಿ ಮಕ್ಕಳು ಇಷ್ಟಪಡುವ ಪ್ರಶ್ನೆ ಒಂದಿದೆ. ಫೈಲೇರಿಯಾ ಪತ್ತೆಗೆ ಆರೋಗ್ಯ ಇಲಾಖೆಯವರು ರಾತ್ರಿ ಹೊತ್ತಿನಲ್ಲೇ ಬಂದು ಬೆರಳಿನಿಂದ ರಕ್ತ ತೆಗೆಯುತ್ತಿದ್ದದ್ದು ಯಾಕೆ? ಹುಳುವಿನ ಮರಿಗಳು ಹಗಲು ಹೊತ್ತು ದೇಹದ ಒಳಗೆ ಅಡಗಿದ್ದು, ಸೊಳ್ಳೆ ಕಡಿಯುವ ರಾತ್ರಿ ಸಮಯಕ್ಕೆ ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ.

ಪ್ರಶ್ನೆ: ಹೃದಯ ದುರ್ಬಲವಾದರೆ ಕಾಲು ಯಾಕೆ ಊದಬೇಕು?

ಹೃದಯದ ಬಲಭಾಗ ದೇಹದಿಂದ ಬಂದ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತದೆ. ಎಡಭಾಗ ಶ್ವಾಸಕೋಶದಿಂದ ಬಂದದ್ದನ್ನು ಇಡೀ ದೇಹಕ್ಕೆ ಕಳಿಸುತ್ತದೆ. ಯಾವ ಭಾಗ ಸೋತರೂ ಅದರ ಹಿಂದೆ ರಕ್ತ ನಿಲ್ಲುತ್ತದೆ, ಸಿಗ್ನಲ್ ಕೆಟ್ಟಾಗ ಹಿಂದೆ ವಾಹನಗಳು ನಿಂತಂತೆ. ಬಲಭಾಗದ ಹಿಂದೆ ಇರುವುದು ದೇಹ, ಆದ್ದರಿಂದ ಕಾಲಿನಲ್ಲಿ ಊತ. ಎಡಭಾಗದ ಹಿಂದೆ ಇರುವುದು ಶ್ವಾಸಕೋಶ, ಆದ್ದರಿಂದ ಏದುಸಿರು, ಅದರಲ್ಲೂ ಮಲಗಿದಾಗ. ನೀರಿನ ಮಾತ್ರೆ, ಉದಾಹರಣೆಗೆ ಫ್ಯುರೊಸೆಮೈಡ್, ಮೂತ್ರಪಿಂಡದ ಮೂಲಕ ಉಪ್ಪು ನೀರನ್ನು ಹೊರಹಾಕಿ ನಿಂತ ರಕ್ತದ ಒತ್ತಡ ಇಳಿಸುತ್ತದೆ. ಶ್ವಾಸಕೋಶದಲ್ಲಿ ಒಸರುವುದು ಕಡಿಮೆಯಾಗಿ ಉಸಿರು ಹಗುರಾಗುತ್ತದೆ. ಕೌಂಟರಿನ ಮುಂದೆ ನಿಂತಿದ್ದ ಅಜ್ಜನಿಗೆ ನಾನು ಅಂದು ಹೇಳಬೇಕಾಗಿದ್ದದ್ದು ಇಷ್ಟೇ. ಹೃದಯದ ತೊಂದರೆ ಇರುವವರನ್ನು ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ ತೂಕ ನೋಡಲು ಹೇಳುವುದೂ ಇದಕ್ಕೇ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಅಂದೇ ವೈದ್ಯರಿಗೆ ತಿಳಿಸಿ.

ಮೂತ್ರಪಿಂಡ ಮತ್ತು ಯಕೃತ್ತಿನದು ಬೇಗ ಹೇಳಿ ಮುಗಿಸುತ್ತೇನೆ. ಆಲ್ಬುಮಿನ್ ತಯಾರಾಗುವುದು ಯಕೃತ್ತಿನಲ್ಲಿ. ಅದು ಬಹಳ ಕೆಟ್ಟರೆ ತಯಾರಿಕೆ ಕುಸಿಯುತ್ತದೆ. ಮೂತ್ರಪಿಂಡದ ಕೆಲವು ರೋಗಗಳಲ್ಲಿ ಆಲ್ಬುಮಿನ್ ಮೂತ್ರದಲ್ಲಿ ಸೋರಿಹೋಗುತ್ತದೆ, ಮೂತ್ರ ನೊರೆನೊರೆಯಾಗಿ ಕಾಣಬಹುದು, ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊದಿರಬಹುದು. ಉಪ್ಪು ನೀರು ಹೊರಹೋಗದೆ ಉಳಿದು ಒತ್ತಡ ಹೆಚ್ಚುವುದೂ ಮೂತ್ರಪಿಂಡದ ರೋಗಗಳಲ್ಲೇ.

ಕಾಲಿನ ರಕ್ತನಾಳದ ಮಾತು ಬೇರೆ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಮೀನಖಂಡ ನೋಯುತ್ತಾ ಬಿಸಿಯಾಗಿದ್ದರೆ, ಅದರಲ್ಲೂ ಶಸ್ತ್ರಚಿಕಿತ್ಸೆ ಆದ ಮೇಲೆ, ಬಹುದಿನ ಹಾಸಿಗೆ ಹಿಡಿದ ಮೇಲೆ ಅಥವಾ ದೂರದ ಪ್ರಯಾಣದ ಮೇಲೆ, ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆ ಕಾಲನ್ನು ತಿಕ್ಕಬೇಡಿ, ಎಣ್ಣೆ ಹಚ್ಚಿ ನೀವಬೇಡಿ. ಅಂದೇ ಆಸ್ಪತ್ರೆಗೆ ಹೋಗಿ. ಜೊತೆಗೆ ಏದುಸಿರೋ ಎದೆನೋವೋ ಬಂದರೆ 108ಕ್ಕೆ ಕರೆ ಮಾಡಿ. ಇಲ್ಲಿ ಪ್ರಶ್ನೋತ್ತರದ ಕೆಲಸವಿಲ್ಲ.

ಐದನೆಯ ಉತ್ತರ

ನನ್ನ ವೃತ್ತಿಗೆ ಹತ್ತಿರದ ಉತ್ತರ ಇದು, ಜನರಿಗೆ ತೀರ ಕೊನೆಯಲ್ಲಿ ಹೊಳೆಯುವುದೂ ಇದೇ. ರಕ್ತದೊತ್ತಡಕ್ಕೆ ಬಹಳ ಮಂದಿ ನುಂಗುವ ಆಮ್ಲೊಡಿಪಿನ್ ಪಾದದ ಊತ ತರಬಹುದು. ಐದು ಮಿಲಿಗ್ರಾಮಿಗಿಂತ ಹತ್ತರಲ್ಲಿ ಹೆಚ್ಚು. ಹೇಗೆ? ಮೇಲಿನ ಮೂರರಲ್ಲಿ ಯಾವುದು ಎಂದು ಮೊದಲು ನೀವೇ ಊಹಿಸಿ.

ಅದು ಲೋಮನಾಳಕ್ಕೆ ರಕ್ತ ತರುವ ಸಣ್ಣ ಅಪಧಮನಿಗಳನ್ನು ಸಡಿಲಿಸುತ್ತದೆ, ರಕ್ತ ಹೊರಗೆ ಒಯ್ಯುವ ಅಭಿಧಮನಿಗಳನ್ನು ಅಷ್ಟಾಗಿ ಸಡಿಲಿಸುವುದಿಲ್ಲ. ಒಳಗೆ ಬರುವ ನಲ್ಲಿ ತಿರುಗಿಸಿ ದೊಡ್ಡದು ಮಾಡಿ, ಹೊರಹೋಗುವ ಕೊಳವೆಯನ್ನು ಹಾಗೆಯೇ ಬಿಟ್ಟಂತೆ. ಲೋಮನಾಳದಲ್ಲಿ ಒತ್ತಡ ಏರಿ ನೀರು ಒಸರುತ್ತದೆ. ದೇಹದಲ್ಲಿ ನೀರು ಹೆಚ್ಚಾಗಿ ಬಂದ ಊತ ಇದಲ್ಲ. ಹಾಗಾಗಿ ಇದಕ್ಕೆ ನೀರಿನ ಮಾತ್ರೆ ಸರಿಯಾದ ಮದ್ದಲ್ಲ. ಆದರೂ ಊತಕ್ಕೆಂದು ನೀರಿನ ಮಾತ್ರೆ, ಅದರಿಂದ ಪೊಟ್ಯಾಸಿಯಂ ಇಳಿದು ಸುಸ್ತು, ಸುಸ್ತಿಗೆ ಟಾನಿಕ್ಕು, ಹೀಗೆ ಒಂದು ಮಾತ್ರೆಯ ಬಾಲ ಹಿಡಿದು ಇನ್ನೊಂದು ಬರುವುದನ್ನು ಕೌಂಟರಿನಲ್ಲಿ ನಿಂತವರು ನೋಡಿರುತ್ತಾರೆ. ‘ಆಮ್ಲೊಡಿಪಿನ್ ಹತ್ತಕ್ಕೆ ಏರಿಸಿದ ಮೇಲೆ ಊತ ಶುರುವಾಯಿತು ಡಾಕ್ಟರೇ’ ಎಂಬ ಒಂದು ವಾಕ್ಯ ಇದನ್ನು ತಡೆಯಬಲ್ಲದು. ಅವರು ಪ್ರಮಾಣ ಇಳಿಸಬಹುದು, ಬೇರೆ ಮಾತ್ರೆ ಜೊತೆ ಸೇರಿಸಬಹುದು, ಬದಲಿಸಬಹುದು. ನೀವಾಗಿ ನಿಲ್ಲಿಸಬೇಡಿ. ಊತಕ್ಕಿಂತ ಏರಿದ ರಕ್ತದೊತ್ತಡ ಹೆಚ್ಚು ಅಪಾಯ.

ಊತ ತರುವ ಮಾತ್ರೆ ಇದೊಂದೇ ಅಲ್ಲ. ಮಧುಮೇಹಕ್ಕೆ ಕೊಡುವ ಪಿಯೊಗ್ಲಿಟಜೋನ್ ನೀರು ಹಿಡಿದಿಡುತ್ತದೆ. ಅದು ಬಹಳ ಸಲ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಜೊತೆಗೆ ಒಂದೇ ಮಾತ್ರೆಯಲ್ಲಿ ಸೇರಿರುವುದರಿಂದ ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರ ಓದದೆ ಗೊತ್ತಾಗುವುದಿಲ್ಲ. ಹೃದಯ ದುರ್ಬಲವಾಗಿರುವವರಿಗೆ ಅದು ಆಗದು. ನರಗಳ ಉರಿಗೆ ಕೊಡುವ ಪ್ರಿಗ್ಯಾಬಲಿನ್ ಕೂಡ ಕೆಲವರ ಪಾದ ಊದಿಸುತ್ತದೆ.

ಇನ್ನೊಂದು, ಇದಕ್ಕಿಂತ ಗಂಭೀರವಾದದ್ದು. ಮಂಡಿನೋವಿಗೆಂದು ಚೀಟಿಯಿಲ್ಲದೆ ಕೊಳ್ಳುವ ಡೈಕ್ಲೋಫೆನಾಕ್, ಐಬುಪ್ರೊಫೆನ್. ಇದನ್ನು ಪ್ರಶ್ನೆಯಾಗಿಯೇ ಹಾಕುತ್ತೇನೆ. ಒಬ್ಬರು ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟಾನ್, ಊತಕ್ಕೆ ನೀರಿನ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಮಂಡಿನೋವು ತಾಳಲಾಗದೆ ಒಂದು ವಾರ ಡೈಕ್ಲೋಫೆನಾಕ್ ನುಂಗಿದರು. ಯಾವ ಅಂಗಕ್ಕೆ ಪೆಟ್ಟು?

ಮೂತ್ರಪಿಂಡಕ್ಕೆ. ಎರಡು ಮೂತ್ರಪಿಂಡಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ, ಅದರಲ್ಲಿ ಶೇ. 99ರಷ್ಟನ್ನು ವಾಪಸು ಹೀರಿ ಒಂದೂವರೆ ಲೀಟರಿನ ಆಸುಪಾಸು ಮೂತ್ರ ಮಾಡುತ್ತವೆ. ಸೋಸಲು ಒತ್ತಡ ಬೇಕು. ನೋವಿನ ಮಾತ್ರೆ ಸೋಸುವ ಜಾಗಕ್ಕೆ ರಕ್ತ ತರುವ ನಾಳವನ್ನು ಕಿರಿದಾಗಿಸುತ್ತದೆ, ಟೆಲ್ಮಿಸಾರ್ಟಾನ್ ರಕ್ತ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ, ನೀರಿನ ಮಾತ್ರೆ ಒಟ್ಟು ನೀರನ್ನೇ ಕಡಿಮೆ ಮಾಡುತ್ತದೆ. ಮೂರೂ ಸೇರಿದರೆ ಸೋಸುವ ಒತ್ತಡ ಕುಸಿಯುತ್ತದೆ. ವಾಂತಿಯೋ ಭೇದಿಯೋ ಆಗಿದ್ದರೆ, ಚೆನ್ನೈನ ಮೇ ತಿಂಗಳ ಬಿಸಿಲಾಗಿದ್ದರೆ ಇನ್ನೂ ಬೇಗ. ಇದರಲ್ಲಿ ಯಾವ ಮಾತ್ರೆಯೂ ತನ್ನಷ್ಟಕ್ಕೆ ತಪ್ಪಲ್ಲ. ಕೇಳದೆ ಸೇರಿಸಿದ್ದು ತಪ್ಪು. ಈ ಪ್ರಶ್ನೆಗೆ ಉತ್ತರ ಗೊತ್ತಿರುವವರು ಔಷಧ ಅಂಗಡಿಯಲ್ಲಿ ‘ನೋವಿಗೆ ಏನಾದ್ರೂ ಕೊಡಿ’ ಎಂದು ಕೇಳುವುದಿಲ್ಲ. ‘ನಾನು ಇವೆರಡು ಮಾತ್ರೆ ನುಂಗ್ತಿದ್ದೀನಿ, ನೋವಿಗೆ ಯಾವುದು ಆಗುತ್ತೆ?’ ಎಂದು ಕೇಳುತ್ತಾರೆ.

ಹೆಸರಿನ ಗೊಂದಲ

ಹೊರನಾಡಿನಲ್ಲಿರುವ ಕನ್ನಡದವರಿಗೆ ಇನ್ನೊಂದು ತೊಡಕು. ವೆಸ್ಟ್ ಮಾಂಬಲಂನ ಆರ್ಯಗೌಡ ರಸ್ತೆಯ ಸುತ್ತ ಕನ್ನಡ ಮಾತಾಡುವ ಮನೆಗಳಿವೆ. ಮನೆಯ ಮಾತು ಕನ್ನಡ, ನರ್ಸ್ ಮಾತಾಡುವುದು ತಮಿಳು, ವರದಿ ಬರುವುದು ಇಂಗ್ಲಿಷಿನಲ್ಲಿ. ನಮ್ಮ ಬೀದಿಯ ಒಬ್ಬ ಅಜ್ಜಿಯ ಸ್ಕ್ಯಾನ್ ನೋಡಿ ‘ಕಲ್ಲೀರಲ್‌ನಲ್ಲಿ ಕೊಬ್ಬು’ ಎಂದು ತಮಿಳಿನಲ್ಲಿ ಹೇಳಿದ್ದರು. ಸೊಸೆಯ ಕಿವಿಗೆ ಬಿದ್ದದ್ದು ‘ಕಲ್ಲಿ...’ ಎಂಬಷ್ಟೇ. ಕಲ್ಲಿದೆ ಎಂದುಕೊಂಡು ಎರಡು ವಾರ ಬಾಳೆದಿಂಡಿನ ರಸ ಕುಡಿಸಿದರು. ಕಲ್ಲೀರಲ್ ಎಂದರೆ ಯಕೃತ್ತು, ನಾವು ಲಿವರ್ ಎನ್ನುವುದು. ಮಣ್ಣೀರಲ್ ಗುಲ್ಮ, ನುರೈಯೀರಲ್ ಶ್ವಾಸಕೋಶ. ಸಿರುನೀರಗಂ ಮೂತ್ರಪಿಂಡ, ಸಿರುನೀರ್‌ಪೈ ಮೂತ್ರಕೋಶ, ಕಣೈಯಂ ಮೇದೋಜೀರಕ ಗ್ರಂಥಿ. ಕನ್ನಡದಲ್ಲೇ ಮೂತ್ರಪಿಂಡ, ಮೂತ್ರಕೋಶಗಳನ್ನು ಅದಲುಬದಲು ಮಾಡುವವರು ಬಹಳ. ಅನುವಾದ ಮಾಡುವಾಗ ನಾನೂ ಎರಡು ಸಲ ನೋಡಿಕೊಳ್ಳುತ್ತೇನೆ.

ಇದನ್ನೂ ಪ್ರಶ್ನೆಯಾಗಿ ಆಡಿಸಬಹುದು. ಒಬ್ಬರು ಹೆಸರು ಹೇಳಲಿ, ಇನ್ನೊಬ್ಬರು ತಮ್ಮ ಮೈಮೇಲೆ ಕೈಯಿಟ್ಟು ಜಾಗ ತೋರಿಸಲಿ. ಯಕೃತ್ತು ಬಲಗಡೆ ಪಕ್ಕೆಲುಬಿನ ಕೆಳಗೆ, ಗುಲ್ಮ ಎಡಗಡೆ, ಮೂತ್ರಪಿಂಡಗಳು ಹಿಂದೆ ಬೆನ್ನಿನ ಎರಡು ಬದಿಗೆ, ಮೂತ್ರಕೋಶ ಹೊಕ್ಕುಳಿನ ಕೆಳಗೆ. ಒಂದು ಎಚ್ಚರಿಕೆ: ಪುಸ್ತಕದ ಚಿತ್ರದಲ್ಲಿ ದೇಹ ನಿಮ್ಮ ಎದುರು ನಿಂತಿರುತ್ತದೆ. ಬಲ ಎಂದರೆ ರೋಗಿಯ ಬಲ. ಚಿತ್ರದಲ್ಲಿ ಯಕೃತ್ತು ಕಾಣುವುದು ನಿಮ್ಮ ಎಡಕ್ಕೆ.

ಪ್ರಶ್ನೆಗಳನ್ನು ಎಲ್ಲಿಂದ ತರುವುದು

ಬುಡದಿಂದ ಶುರುಮಾಡಬೇಕು ಎನಿಸಿದರೆ ಕರ್ನಾಟಕದ ಹತ್ತನೇ ತರಗತಿಯ ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕದಲ್ಲಿ ಜೀವಕ್ರಿಯೆಗಳ ಪಾಠ ಓದಿ. ಜೀರ್ಣ, ಉಸಿರಾಟ, ರಕ್ತ ಸಂಚಾರ, ವಿಸರ್ಜನೆ ನಾಲ್ಕೂ ಅದರಲ್ಲಿವೆ, ಕೊನೆಯಲ್ಲಿ ಅಭ್ಯಾಸದ ಪ್ರಶ್ನೆಗಳೂ ಇವೆ. ಪ್ರವೇಶ ಪರೀಕ್ಷೆಗಳ ಪ್ರಶ್ನೆಸಂಗ್ರಹಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ಅಲ್ಲಿನ ಪ್ರಶ್ನೆಗಳು ಸೋಸಿ ತೆಗೆಯುವುದಕ್ಕೆ ಬರೆದವು, ಆರೈಕೆಗೆ ಬರೆದವಲ್ಲ. ಅಚ್ಚಾದ ಉತ್ತರವೇ ತಪ್ಪಿರುವ ಒಂದು ಸಂಗ್ರಹವನ್ನು ನಂಬಿ ನಾನು ಒಂದು ಇಡೀ ಸೆಮಿಸ್ಟರ್ ಆಲ್ಬುಮಿನ್ ಮೂತ್ರಪಿಂಡದಲ್ಲಿ ತಯಾರಾಗುತ್ತದೆ ಎಂದುಕೊಂಡಿದ್ದೆ.

ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆಸಂಗ್ರಹ ನಿಮ್ಮ ಮನೆಯ ಫೈಲು. ಚೀಟಿಯಲ್ಲಿರುವ ಪ್ರತಿ ಮಾತ್ರೆಗೂ ಕೇಳಿ: ಇದು ಯಾವ ಅಂಗದ ಮೇಲೆ ಕೆಲಸ ಮಾಡುತ್ತದೆ, ಒಂದು ಹೊತ್ತು ತಪ್ಪಿದರೆ ಏನು, ಹೆಚ್ಚಾದರೆ ಮೈಯಲ್ಲಿ ಏನು ಕಾಣುತ್ತದೆ. ವರದಿಯ ಪ್ರತಿ ಸಂಖ್ಯೆಗೂ ಕೇಳಿ: ಇದು ಏರಿದರೆ ಯಾರು ಸೋತಿದ್ದಾರೆ ಎಂದರ್ಥ. ಕ್ರಿಯೇಟಿನಿನ್ ಸ್ನಾಯುಗಳ ಕಸ, ಅದು ಏರಿದೆ ಎಂದರೆ ಸೋಸುವವರು ಹಿಂದೆ ಬಿದ್ದಿದ್ದಾರೆ. ಎಚ್‌ಬಿಎ1ಸಿ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವುದು ಯಾಕೆ? ಸಕ್ಕರೆ ಅಂಟಿಕೊಳ್ಳುವುದು ಕೆಂಪು ರಕ್ತಕಣದೊಳಗಿನ ಹಿಮೊಗ್ಲೋಬಿನ್‌ಗೆ, ಆ ಕಣ ಬದುಕುವುದು ಸುಮಾರು 120 ದಿನ. ಹಾಗಾದರೆ ಪರೀಕ್ಷೆಯ ಹಿಂದಿನ ದಿನ ಸಿಹಿ ಬಿಟ್ಟರೆ ಅದು ಇಳಿಯುತ್ತದೆಯೇ? ಉತ್ತರ ನೀವೇ ಹೇಳಿ. ಥೈರಾಯ್ಡ್ ಮಾತ್ರೆಯನ್ನು ಬೆಳಗಿನ ಫಿಲ್ಟರ್ ಕಾಫಿಯ ಜೊತೆ ಯಾಕೆ ನುಂಗಬಾರದು? ಅದು ಸಣ್ಣ ಕರುಳಿನಲ್ಲಿ ಹೀರಿಕೆಯಾಗಬೇಕು, ಕಾಫಿ ಅದನ್ನು ಕಡಿಮೆ ಮಾಡುತ್ತದೆ. ಬರೀ ನೀರಿನಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಬಿಡಬೇಕು. ನಮ್ಮ ಬೀದಿಯಲ್ಲಿ ಈ ಉತ್ತರ ಎಲ್ಲರಿಗೂ ಗೊತ್ತು, ಪಾಲಿಸುವವರು ಅರ್ಧ.

ಉತ್ತರ ತಪ್ಪಾದರೆ ಅಳಿಸಬೇಡಿ. ನೋಟ್‌ಬುಕ್ಕಿನಲ್ಲಿ ತಪ್ಪು ಉತ್ತರವನ್ನೂ, ಪಕ್ಕದಲ್ಲಿ ಸರಿಯಾದದ್ದನ್ನೂ ಬರೆದಿಡಿ. ಎಲ್ಲೂ ಉತ್ತರ ಸಿಗದಿದ್ದರೆ ಆ ಪ್ರಶ್ನೆಯನ್ನೇ ವೈದ್ಯರ ಬಳಿ ಒಯ್ಯಿರಿ. ಒಂದು ಭೇಟಿಗೆ ಎರಡು ಮೂರು ಪ್ರಶ್ನೆ ಸಾಕು, ಅವರಿಗೂ ಸಮಯ ಕಡಿಮೆ. ರೋಗಿಗೂ ಪ್ರಶ್ನೆ ಹಾಕಿ, ಅವರಿಂದಲೂ ಹಾಕಿಸಿಕೊಳ್ಳಿ. ಹಾಸಿಗೆಯಲ್ಲಿರುವ ತಂದೆಗೆ ಮಗಳನ್ನು ‘ಫೇಲ್’ ಮಾಡುವ ಅವಕಾಶ ಸಿಕ್ಕರೆ ಆ ಸಂಜೆ ಚೆನ್ನಾಗಿ ಕಳೆಯುತ್ತದೆ.

ಈ ವಾರಕ್ಕೆ ಒಂದು. ಅಮ್ಮನಿಗೆ ಮಧುಮೇಹ, ಬೆಳಿಗ್ಗೆ ತಿಂಡಿಗೆ ಮುಂಚೆ ಗ್ಲಿಮೆಪಿರೈಡ್. ಇವತ್ತು ವಾಂತಿ, ಏನೂ ತಿಂದಿಲ್ಲ. ಮಾತ್ರೆ ಕೊಡುತ್ತೀರಾ?

ಈ ಮಾತ್ರೆ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ, ಊಟ ಬಂದಿದೆಯೋ ಇಲ್ಲವೋ ಎಂದು ಅದು ಕಾಯುವುದಿಲ್ಲ. ಆದ್ದರಿಂದ ಕೊಡುವ ಮುಂಚೆ ವೈದ್ಯರಿಗೆ ಫೋನ್ ಮಾಡಿ, ಗ್ಲುಕೋಮೀಟರ್ ಇದ್ದರೆ ಸಕ್ಕರೆ ನೋಡಿ. ಈಗಾಗಲೇ ಕೊಟ್ಟಿದ್ದರೆ ಬೆವರು, ನಡುಕ, ತೊದಲು ಮಾತು ಬರುತ್ತದೆಯೇ ಎಂದು ಗಮನಿಸುತ್ತಿರಿ. 70ಕ್ಕಿಂತ ಇಳಿದಿದ್ದು ಎಚ್ಚರ ಇದ್ದರೆ ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಪಕ್ಕಕ್ಕೆ ಹೊರಳಿಸಿ ಮಲಗಿಸಿ, 108ಕ್ಕೆ ಕರೆ ಮಾಡಿ.